ಮಾಳಿಗೆಯ ಮನೆಯಿಂದ ಮಳಿಗೆಯ ಮನೆಗೆ

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ರಾಯಚರ್ಲು ಎಂಬುದೊಂದು ಗ್ರಾಮ. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು ಎಂಬ ನೆರೆಯ ನಾಲ್ಕು ಗ್ರಾಮಗಳೊಡನೆ ಇದರ ಹೆಸರೂ ಈಗ ದೂರದವರೆಗೆ ಕೇಳಿಬರುತ್ತಿದೆ. ಈ ಐದು ಗ್ರಾಮಗಳ ನೆಲದಲ್ಲಿ ಸುಮಾರು 13,000 ಎಕರೆಗಳಷ್ಟು ವಿಸ್ತಾರವಾದ ಸೌರ ವಿದ್ಯುತ್ ಕ್ಷೇತ್ರವು ಎದ್ದಿರುವುದೇ ಅದಕ್ಕೆ ಕಾರಣ. 2018ರ ಮಾರ್ಚಿಯಲ್ಲಿ ಅದರ ಮೊದಲನೆಯ ಹಂತವು ಉದ್ಘಾಟನೆಯಾಯಿತು; 2019ರ ಕೊನೆಯ ವೇಳೆಗೆ ಅದರ ಸಾಮರ್ಥ್ಯವು 2,050 ಮೆಗಾವಾಟುಗಳಿಗೆ ಮುಟ್ಟಿತು. ರೈತರು ನೆಲವನ್ನು ಮಾರಲಿಲ್ಲ. ವರ್ಷಕ್ಕೆ ಎಕರೆಗೆ 21,000 ರೂಪಾಯಿಗಳಂತೆ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಷ್ಟು ಏರಿಕೆಯೊಡನೆ, ಗುತ್ತಿಗೆಗೆ ಕೊಟ್ಟರು.

ಹೊಲವು ಹೀಗೆ ಕೈಬಿಟ್ಟ ಮೇಲೆ ಮನೆಯ ಸ್ವರೂಪವೂ ಬದಲಾಗಬೇಕಾಗುತ್ತದೆ. ಉಳುವ ಎತ್ತಿಲ್ಲದಿದ್ದರೆ ಕೊಟ್ಟಿಗೆ ಏತಕ್ಕೆ? ಬೆಳೆದ ರಾಗಿ ಇಲ್ಲದಿದ್ದರೆ ಕಣಜವೇತಕ್ಕೆ? "ಹಳೆಯ ಮಣ್ಣಿನ ಮನೆಯನ್ನು ಕೆಡವಿ, ಕೆಳಗೆ ಎರಡು ಮಳಿಗೆ, ಮೇಲೆ ವಾಸದ ಮನೆ ಕಟ್ಟಿಸೋಣ, ಮಳಿಗೆಯ ಬಾಡಿಗೆ ಬರುತ್ತದೆ" ಎಂಬ ಮಾತು ಇಂಥ ಮನೆಗಳಲ್ಲಿ ಏಳುವುದು ಸಹಜ. ಪಾವಗಡದಲ್ಲಿ ಮಾತ್ರವಲ್ಲ, ಮಧುಗಿರಿ, ಸಿರಾ, ಕೊರಟಗೆರೆಗಳ ರಸ್ತೆಬದಿಯ ಊರುಗಳಲ್ಲಿಯೂ ಈ ಮಾತು ಕೇಳಿಬರುತ್ತಿದೆ.

ಆ ಸೀಮೆಯಿಂದ ಬಂದ ವಿದ್ಯಾರ್ಥಿಯೊಬ್ಬನು ನಮ್ಮನ್ನು ಒಮ್ಮೆ ಹೀಗೆ ಕೇಳಿದನು: "ಮನೆ ಕೆಡವುವುದೆಂದು ಅಪ್ಪ ನಿಶ್ಚಯಿಸಿದ್ದಾರೆ. ಹಳೆಯ ಮನೆಯ ತಂಪು ಹೊಸದರಲ್ಲಿ ಬಾರದೆಂದು ಅಜ್ಜಿ ಹಟ ಹಿಡಿದಿದ್ದಾರೆ. ಮಳೆಗಾಲದಲ್ಲಿ ಆ ಮನೆಯೊಳಗೆ ಮಲಗಲು ಭಯವೆಂದು ಅಮ್ಮ ಹೇಳುತ್ತಾರೆ. ಇವರಲ್ಲಿ ಯಾರ ಮಾತು ಸರಿ?" ಪ್ರಶ್ನೆಯು ಒಂದು ಮನೆತನದ್ದಾದರೂ ಉತ್ತರವು ಭೌತವಿಜ್ಞಾನದ್ದು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಮಾಡೋಣ.

ಮಾಳಿಗೆಯ ಕಟ್ಟಣೆ

ಮಳೆ ಹೆಚ್ಚಾಗಿರುವ ಮಲೆನಾಡಿನಲ್ಲಿ ಮನೆಯ ಸೂರು ಇಳಿಜಾರಾಗಿರುತ್ತದೆ. ವರ್ಷಕ್ಕೆ ಸುಮಾರು 500ರಿಂದ 700 ಮಿಲಿಮೀಟರ್ ಮಾತ್ರ ಮಳೆ ಬೀಳುವ ಈ ಬಯಲುಸೀಮೆಯಲ್ಲಿ ಸೂರು ಮಟ್ಟಸವಾಗಿರುತ್ತದೆ. ದಪ್ಪನಾದ ಮಣ್ಣಿನ ಅಥವಾ ಕಲ್ಲುಮಣ್ಣಿನ ಗೋಡೆ. ಒಳಗೆ ಮರದ ಕಂಬ, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜೋಡಿಸಿದ ಜಂತೆ. ಅದರ ಮೇಲೆ ಸೀಳುಗಳನ್ನೂ ಸೊಪ್ಪನ್ನೂ ಹರಡಿ, ಒಂದು ಅಡಿಯಷ್ಟು ಮಣ್ಣು ತುಂಬಿ ತುಳಿದು ಗಟ್ಟಿಮಾಡಿರುತ್ತಾರೆ. ಕಲ್ಲು ಸುಲಭವಾಗಿ ದೊರೆಯುವ ಕಡೆ ಜಂತೆಗಳ ಬದಲಾಗಿ ಕಲ್ಲಿನ ಚಪ್ಪಡಿಗಳನ್ನು ಹಾಸುವುದೂ ಉಂಟು.

ಎಲ್ಲಕ್ಕೂ ಮೇಲಿನ ಪದರವು ಚೌಳು ಮಣ್ಣು. ಬೆಳೆಗೆ ಬಾರದ ಈ ಮಣ್ಣನ್ನೇ ಮಾಳಿಗೆಗೆ ಆರಿಸಿಕೊಂಡುದು ಹಿರಿಯರ ಜಾಣ್ಮೆ. ಚೌಳಿನಲ್ಲಿ ಸೋಡಿಯಂ ಲವಣಗಳು ಅಧಿಕ. ನೀರು ಬಿದ್ದಾಗ ಸೋಡಿಯಮ್ಮಿನ ಪ್ರಭಾವದಿಂದ ಜೇಡಿಯ ಕಣಗಳು ಒಂದರಿಂದೊಂದು ಬಿಡಿಬಿಡಿಯಾಗಿ, ಅತಿ ಸೂಕ್ಷ್ಮವಾದ ರಂಧ್ರಗಳೊಳಗೆ ಇಳಿದು ಅವುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆಯನ್ನು ಕೆಡಿಸುವ ಗುಣವೇ ಮಾಳಿಗೆಯ ಮೇಲೆ ನೀರು ಇಳಿಯಗೊಡದೆ ಮನೆಯನ್ನು ಕಾಯುತ್ತದೆ. ಆದರೆ ಮಳೆಯೊಡನೆ ಈ ಪದರವು ಸ್ವಲ್ಪಸ್ವಲ್ಪವಾಗಿ ಕೊಚ್ಚಿಹೋಗುವುದರಿಂದ ಮಳೆಗಾಲಕ್ಕೆ ಮುಂಚೆ ಹೊಸ ಚೌಳು ಹಾಕುತ್ತಲೇ ಇರಬೇಕು.

ಶಾಖದ ಅಲೆ

ಈಗ ಅಜ್ಜಿಯ ಮಾತನ್ನು ಪರೀಕ್ಷಿಸೋಣ. ಪಾವಗಡವು ಉತ್ತರ ಅಕ್ಷಾಂಶ 14 ಡಿಗ್ರಿಯ ಹತ್ತಿರ ಇದೆ. ಆದಕಾರಣ ಏಪ್ರಿಲ್ ತಿಂಗಳ ಕೊನೆಯಲ್ಲಿ ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಆಗ ಬಿಸಿಲಿನ ಅತಿ ದೊಡ್ಡ ಪಾಲು ಗೋಡೆಗಳ ಮೇಲಲ್ಲ, ಸೂರಿನ ಮೇಲೆ ಬೀಳುತ್ತದೆ. ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಸೌರಶಕ್ತಿಯು ಸುಮಾರು 1,000 ವಾಟುಗಳು. ಸೂರಿನ ಹೊರಮೈ ಹಗಲು ಕಾದು ರಾತ್ರಿ ತಣಿಯುತ್ತದೆ. ಮರುದಿನ ಮತ್ತೆ ಕಾಯುತ್ತದೆ. 24 ಗಂಟೆಗಳಿಗೊಮ್ಮೆ ಮರಳಿ ಬರುವ ಈ ಏರಿಳಿತವು ಒಂದು ಅಲೆಯಂತೆ ಸೂರಿನೊಳಕ್ಕೆ ಇಳಿಯತೊಡಗುತ್ತದೆ.

ಕೆರೆಯ ಅಲೆಗೂ ಈ ಅಲೆಗೂ ಒಂದು ವ್ಯತ್ಯಾಸವಿದೆ. ಶಾಖದ ಅಲೆಯು ಮುಂದೆ ಸಾಗಿದಂತೆ ಬೇಗಬೇಗನೆ ಕುಗ್ಗುತ್ತದೆ. ಪ್ರತಿಯೊಂದು ಪದರವೂ ಬಂದ ಶಾಖದಲ್ಲಿ ಒಂದಂಶವನ್ನು ತಾನು ಕಾಯುವುದಕ್ಕಾಗಿ ಉಳಿಸಿಕೊಂಡು ಮಿಕ್ಕುದನ್ನು ಮಾತ್ರ ಕೆಳಗಿನ ಪದರಕ್ಕೆ ದಾಟಿಸುತ್ತದೆ. ಹೀಗೆ ಕುಗ್ಗುವ ಬಗೆಯನ್ನು ಮೂರು ಗುಣಗಳು ನಿರ್ಧರಿಸುತ್ತವೆ: ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ. ವಾಹಕತೆಯನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಉಷ್ಣಪ್ರಸರಣಾಂಕವೆನ್ನೋಣ. ಅದನ್ನು 2ರಿಂದ ಗುಣಿಸಿ, ಅಲೆಯ ಕೋನೀಯ ವೇಗದಿಂದ ಭಾಗಿಸಿ, ವರ್ಗಮೂಲವನ್ನು ತೆಗೆದರೆ ಒಂದು ಉದ್ದವು ದೊರೆಯುತ್ತದೆ. ಅಲೆಯು ಆ ಉದ್ದವನ್ನು ದಾಟುವಷ್ಟರಲ್ಲಿ ಅದರ ಏರಿಳಿತವು ಸುಮಾರು ನೂರಕ್ಕೆ 37 ಪಾಲಿಗೆ ಇಳಿದಿರುತ್ತದೆ. ಇದನ್ನು ಕುಗ್ಗಿನ ಆಳವೆಂದು ಕರೆಯೋಣ.

ಕಟ್ಟಡಗಳ ಲೆಕ್ಕದಲ್ಲಿ ಬಳಸುವ ಅಂಕಿಗಳು ಇವು. ತುಳಿದ ಮಣ್ಣಿನ ವಾಹಕತೆ ಮೀಟರಿಗೆ, ಡಿಗ್ರಿಗೆ 0.52 ವಾಟ್, ಸಾಂದ್ರತೆ ಘನಮೀಟರಿಗೆ 1,622 ಕಿಲೋಗ್ರಾಂ. ಉಕ್ಕಿನ ಕಂಬಿಯ ಕಾಂಕ್ರೀಟಿಗೆ ಇವು 1.58 ವಾಟ್ ಮತ್ತು 2,288 ಕಿಲೋಗ್ರಾಂ. ವಿಶಿಷ್ಟೋಷ್ಣವು ಎರಡಕ್ಕೂ ಹೆಚ್ಚುಕಡಮೆ ಒಂದೇ. ಕಿಲೋಗ್ರಾಮಿಗೆ, ಡಿಗ್ರಿಗೆ 880 ಜೂಲ್. ಒಂದು ದಿನದಲ್ಲಿ 86,400 ಸೆಕೆಂಡುಗಳಿರುವುದನ್ನು ನೆನಪಿನಲ್ಲಿಟ್ಟು ಓದುಗರೇ ಲೆಕ್ಕ ಮಾಡಿ ನೋಡಬಹುದು. ಮಣ್ಣಿನಲ್ಲಿ ಕುಗ್ಗಿನ ಆಳವು 10 ಸೆಂಟಿಮೀಟರ್, ಕಾಂಕ್ರೀಟಿನಲ್ಲಿ ಸುಮಾರು 15 ಸೆಂಟಿಮೀಟರ್ ಎಂದು ಬರುತ್ತದೆ.

ಈಗ ಎರಡು ಸೂರುಗಳನ್ನು ಹೋಲಿಸೋಣ. ಮಾಳಿಗೆಯ ಮಣ್ಣು 30 ಸೆಂಟಿಮೀಟರ್ ದಪ್ಪವಿದ್ದರೆ ಅದು ಕುಗ್ಗಿನ ಆಳದ ಮೂರರಷ್ಟು. ಏರಿಳಿತವು ಮೂರು ಬಾರಿ ನೂರಕ್ಕೆ 37ಕ್ಕೆ ಇಳಿದು, ಕೊನೆಗೆ ನೂರಕ್ಕೆ 5 ಮಾತ್ರ ಉಳಿಯುತ್ತದೆ. ಹೊರಮೈಯ ಉಷ್ಣತೆಯು ಸರಾಸರಿಗಿಂತ 20 ಡಿಗ್ರಿ ಏರಿದರೂ ಒಳಮೈಗೆ ತಟ್ಟುವುದು ಒಂದು ಡಿಗ್ರಿ. ಕಾಂಕ್ರೀಟಿನ ಹಲಗೆಯ ದಪ್ಪವಾದರೋ ಸಾಮಾನ್ಯವಾಗಿ 12 ಸೆಂಟಿಮೀಟರಿನಷ್ಟೇ. ಅದರ ಮೂಲಕ ನೂರಕ್ಕೆ 44 ಪಾಲು, ಎಂದರೆ ಸುಮಾರು 9 ಡಿಗ್ರಿಗಳ ಏರಿಕೆ, ಒಳಕ್ಕೆ ಇಳಿಯುತ್ತದೆ. ಈ ಸೂತ್ರವು ಬಹಳ ದಪ್ಪವಾದ ವಸ್ತುವಿಗೆ ಸರಿಯಾದುದು. ತೆಳುವಾದ ಹಲಗೆಯಲ್ಲಿ ಒಳಮೈಯ ಏರಿಳಿತವು ಇದಕ್ಕಿಂತಲೂ ಹೆಚ್ಚಾಗಿರಬಲ್ಲುದು. ಆದರೂ ಯಾವುದು ಮೇಲು, ಎಷ್ಟರಮಟ್ಟಿಗೆ ಮೇಲು ಎಂಬುದನ್ನು ತಿಳಿಯಲು ಈ ಅಂದಾಜು ಸಾಕು.

ಅಲೆಯು ಕುಗ್ಗುವುದು ಮಾತ್ರವಲ್ಲ, ತಡವಾಗಿಯೂ ತಲಪುತ್ತದೆ. ಕುಗ್ಗಿನ ಆಳವೊಂದಕ್ಕೆ ಸುಮಾರು 3 ಗಂಟೆ 50 ನಿಮಿಷಗಳ ತಡ. ಹೊರಮೈ ಮಧ್ಯಾಹ್ನ 1 ಗಂಟೆಗೆ ಅತ್ಯಂತ ಬಿಸಿಯಾಗುವುದಾದರೆ, ಕಾಂಕ್ರೀಟಿನ ಒಳಮೈ ಸುಮಾರು 4 ಗಂಟೆಗೆ ಅತ್ಯಂತ ಬಿಸಿಯಾಗುತ್ತದೆ. ಹೊರಗೂ ಬೇಗೆ, ಒಳಗೂ ಬೇಗೆ. ಮಾಳಿಗೆಯ ಒಳಮೈಗೆ ಆ ಬಿಸಿ ತಲಪುವುದು ಮಧ್ಯರಾತ್ರಿಯ ಹೊತ್ತಿಗೆ. ಆಗ ಹೊರಗಿನ ಗಾಳಿ ತಂಪಾಗಿರುತ್ತದೆ. ಮನೆಯವರು ಮಾಳಿಗೆಯ ಮೇಲೋ ಜಗಲಿಯ ಮೇಲೋ ಮಲಗಿರುತ್ತಾರೆ. ಹಗಲಿನ ಶಾಖವು ತಾನು ಬಂದು ಸೇರುವ ವೇಳೆಗೆ ಮನೆ ಬರಿದು! ಅಜ್ಜಿಯ ಮಾತು ಬರಿಯ ಮಮಕಾರವಲ್ಲ; ಭೌತವಿಜ್ಞಾನವು ಅವರ ಪಕ್ಷದಲ್ಲಿಯೇ ಇದೆ.

ಇದೇ ನಿಯಮವನ್ನು ನೆಲದೊಳಗೂ ಕಾಣಬಹುದು. ವರ್ಷದ ಏರಿಳಿತವು ದಿನದ ಏರಿಳಿತಕ್ಕಿಂತ 365 ಪಾಲು ನಿಧಾನವಾದುದು. ಆದ್ದರಿಂದ ಅದರ ಕುಗ್ಗಿನ ಆಳವು 365ರ ವರ್ಗಮೂಲದಷ್ಟು, ಎಂದರೆ ಸುಮಾರು 19 ಪಾಲು ಹೆಚ್ಚು. ಸರಿಸುಮಾರು 2 ಮೀಟರ್. ನೆಲದಲ್ಲಿ ಆಳವಾಗಿ ತೋಡಿದ ಹಗೇವಿನಲ್ಲಿ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದಕ್ಕೆ ಒಳಗಿನ ಗಾಳಿಯಲ್ಲಿ ಪ್ರಾಣವಾಯುವು ಕಡಮೆಯಾಗಿದ್ದುದು ಒಂದು ಕಾರಣ. ಹಗಲುರಾತ್ರಿಗಳ ಬಿಸಿಚಳಿ ಅಲ್ಲಿಗೆ ತಲಪದಿದ್ದುದು ಇನ್ನೊಂದು.

ಭಾರ ಮತ್ತು ನೀರು

ಇನ್ನು ತಾಯಿಯ ಭಯವನ್ನು ನೋಡೋಣ. 4 ಮೀಟರ್ ಅಗಲ, 6 ಮೀಟರ್ ಉದ್ದವಿರುವ ಒಂದು ಪಡಸಾಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 30 ಸೆಂಟಿಮೀಟರ್ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 487 ಕಿಲೋಗ್ರಾಂ ತೂಗುತ್ತದೆ. 24 ಚದರ ಮೀಟರಿಗೆ ಹನ್ನೊಂದೂವರೆ ಟನ್ನಿಗೂ ಮಿಗಿಲು. ಈ ಭಾರವು ಮಲಗಿದವರ ತಲೆಯ ಮೇಲೆ, ಕೆಲವು ಮರದ ತೊಲೆಗಳ ಆಧಾರದಲ್ಲಿ ನಿಂತಿದೆ. ಮಣ್ಣು ತನ್ನ ತೂಕದ ನೂರಕ್ಕೆ 15 ಪಾಲು ನೀರು ಹೀರಿದರೆ ಇನ್ನೂ ಒಂದೂಮುಕ್ಕಾಲು ಟನ್ ಸೇರುತ್ತದೆ. ಗೆದ್ದಲು ತಿಂದ ತೊಲೆಯು ಒಣಗಾಲದಲ್ಲಿ ಹೇಗೋ ತಡೆದುಕೊಂಡಿದ್ದರೂ ಮಳೆಗಾಲದಲ್ಲಿ ಮುರಿಯಬಹುದು.

ಆದರೆ ನಿಜವಾದ ಅಪಾಯವು ಗೋಡೆಯಲ್ಲಿ ಅಡಗಿದೆ. 45 ಸೆಂಟಿಮೀಟರ್ ದಪ್ಪ, 3 ಮೀಟರ್ ಎತ್ತರದ ಮಣ್ಣುಗೋಡೆಯ ಒಂದು ಮೀಟರ್ ಉದ್ದದ ತೂಕ ಸುಮಾರು 2,190 ಕಿಲೋಗ್ರಾಂ. ಅದರ ಪಾಲಿಗೆ ಬರುವ ಸೂರಿನ ಭಾರ ಸುಮಾರು 970 ಕಿಲೋಗ್ರಾಂ. ಒಟ್ಟನ್ನು ಗೋಡೆಯ ತಳದ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 0.7 ಕಿಲೋಗ್ರಾಂ. ಒಣಗಿದ ಒಳ್ಳೆಯ ಮಣ್ಣುಗೋಡೆಯು ಇದರ ಹಲವು ಪಟ್ಟು ಒತ್ತಡವನ್ನು ತಡೆಯಬಲ್ಲುದು. ಹಾಗಾದರೆ ಮಳೆಗಾಲದಲ್ಲಿ ಅದು ಕುಸಿಯುವುದೇಕೆ?

ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವುದು ಯಾವುದೆಂಬುದರಲ್ಲಿಯೇ ಉತ್ತರವಿದೆ. ಒಣಗಿದಂತೆ ಕಾಣುವ ಗೋಡೆಯಲ್ಲಿಯೂ ಕಣಕಣದ ನಡುವೆ ಅತ್ಯಲ್ಪ ತೇವವಿರುತ್ತದೆ. ಆ ತೇವವು ಕಣಗಳ ಸಂದಿನಲ್ಲಿ ಒಳಬಾಗಿದ ಮೈಯುಳ್ಳ ಸಣ್ಣ ಸಣ್ಣ ನೀರಿನ ಕೊರಳುಗಳಾಗಿ ನಿಂತಿರುತ್ತದೆ. ಅವುಗಳ ಮೇಲ್ಮೈ ಸೆಳೆತವು ಕಣಗಳನ್ನು ಒಂದರ ಕಡೆಗೊಂದು ಎಳೆಯುತ್ತದೆ. ಮಕ್ಕಳು ಹಸಿ ಮರಳಿನಲ್ಲಿ ಗುಡಿ ಕಟ್ಟುವುದೂ ಈ ಬಲದಿಂದಲೇ. ಒದ್ದೆ ಮರಳಿನ ಗುಡಿಗೆ ಒಂದು ಚೊಂಬು ನೀರು ಸುರಿದರೆ ಏನಾಗುತ್ತದೆ? ಸಂದುಗಳೆಲ್ಲ ತುಂಬಿ, ಬಾಗಿದ ಮೈ ಮಾಯವಾಗಿ, ಸೆಳೆತವೂ ಇಲ್ಲದಂತಾಗಿ ಗುಡಿಯು ಹರಡಿಹೋಗುತ್ತದೆ. ಸ್ವಲ್ಪ ನೀರು ಕಟ್ಟುತ್ತದೆ. ಹೆಚ್ಚು ನೀರು ಕೆಡವುತ್ತದೆ.

ಒಂದು ಗಂಟೆ ರಭಸವಾಗಿ ಸುರಿದು ನಿಲ್ಲುವ ಮಳೆಯು ಮಣ್ಣಿನ ಮನೆಗೆ ಅಷ್ಟಾಗಿ ಕೇಡಲ್ಲ; ಚೌಳು ಅದನ್ನು ಹರಿಯಬಿಡುತ್ತದೆ. ಹಗಲಿರುಳು ನಾಲ್ಕಾರು ದಿನ ಹಿಡಿದ ಜಡಿಮಳೆಯೇ ಕೇಡು. ನೆಲದಿಂದ ಸಿಡಿದ ಹನಿಯೂ, ಗೋಡೆಯ ಬುಡದಲ್ಲಿ ನಿಂತ ನೀರೂ ನಿಧಾನವಾಗಿ ಒಳಕ್ಕೆ ಏರಿ, ಅತಿ ಹೆಚ್ಚು ಭಾರ ಹೊತ್ತಿರುವ ತಳವೇ ಮೊದಲು ಮೆತ್ತಗಾಗುತ್ತದೆ. 2021ರ ನವೆಂಬರಿನಲ್ಲಿ ಅಕಾಲದ ಮಳೆಯು ಹೀಗೆ ಹಿಡಿದಾಗ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಜಖಂಗೊಂಡುವು, ಜೀವಹಾನಿಯೂ ಆಯಿತು. ತಾಯಿಯ ಭಯವೂ ನಿರಾಧಾರವಲ್ಲ. ಗೋಡೆಯ ಬುಡ ಉಬ್ಬಿದ್ದರೆ, ತೊಲೆಯ ತುದಿಯಲ್ಲಿ ಹೊಸ ಬಿರುಕು ಕಂಡರೆ, ಜಂತೆಯ ಸಂದಿನಿಂದ ಮಣ್ಣು ಉದುರುತ್ತಿದ್ದರೆ ಅಂಥ ಮನೆಯಲ್ಲಿ ಮಲಗಲಾಗದು. ಮಳೆ ನಿಂತಿತೆಂದು ಒಡನೆಯೇ ಒಳಗೆ ಹೋಗುವುದೂ ಸರಿಯಲ್ಲ. ಹೀರಿದ ನೀರು ಆರಲು ಹಲವು ದಿನಗಳು ಬೇಕು.

ಮಳಿಗೆಯ ಬಾಗಿಲು

ಹಳೆಯ ಗೋಡೆಗಳನ್ನೇ ಉಳಿಸಿಕೊಂಡು, ರಸ್ತೆಯ ಕಡೆಯ ಗೋಡೆಯನ್ನು ಒಡೆದು ಮಳಿಗೆ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಇದು ಎಲ್ಲಕ್ಕಿಂತ ಅಪಾಯಕರವಾದ ಹಾದಿ. ಏಕೆಂಬುದನ್ನು ನೋಡೋಣ.

ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ಮೇಲೆ ಭಾರವು ಸಮವಾಗಿ ಹರಡಿದ್ದರೆ, ನಡುವೆ ಅದನ್ನು ಬಾಗಿಸುವ ಪ್ರಭಾವವು ಮೀಟರಿನ ಭಾರವನ್ನು ಉದ್ದದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದಷ್ಟು ಇರುತ್ತದೆ. ಮನೆಯ ಬಾಗಿಲು ಒಂದು ಮೀಟರ್ ಅಗಲ. ಮಳಿಗೆಯ ಸುರುಳಿ ಬಾಗಿಲು 3 ಮೀಟರ್ ಅಗಲ. ಸೂರಿನ ಭಾರ ಮೀಟರಿಗೆ 970 ಕಿಲೋಗ್ರಾಂ ಎಂದು ಮೇಲೆ ಕಂಡೆವು. ಬಾಗಿಲಿನ ಮೇಲಣ ತೊಲೆಗೆ ಬಾಗಿಸುವ ಪ್ರಭಾವವು ಸುಮಾರು 120 ಕಿಲೋಗ್ರಾಂ-ಮೀಟರ್; ಮಳಿಗೆಯ ತೊಲೆಗೆ ಸುಮಾರು 1,090. ಅಗಲವು ಮೂರರಷ್ಟಾದರೆ ಬಾಗಿಸುವ ಪ್ರಭಾವವು ಒಂಬತ್ತರಷ್ಟು! ತೊಲೆಯ ತಗ್ಗುವಿಕೆಯಾದರೋ ಉದ್ದದ ನಾಲ್ಕನೆಯ ಘಾತದಂತೆ ಏರುವುದರಿಂದ 81ರಷ್ಟು ಆಗುತ್ತದೆ.

ಬಾಗಿದ ತೊಲೆಯ ಮೇಲ್ಭಾಗವು ಒತ್ತಲ್ಪಡುತ್ತದೆ, ಕೆಳಭಾಗವು ಎಳೆಯಲ್ಪಡುತ್ತದೆ. ಕಲ್ಲಿಗೂ ಬರಿಯ ಕಾಂಕ್ರೀಟಿಗೂ ಒತ್ತನ್ನು ತಡೆಯುವ ಶಕ್ತಿ ಬಹಳ. ಎಳೆತವನ್ನು ತಡೆಯುವ ಶಕ್ತಿ ಅದರ ಹತ್ತರಲ್ಲೊಂದು ಪಾಲಿನಷ್ಟು. ಹಳೆಯ ದೇವಾಲಯಗಳ ಮಂಟಪಗಳಲ್ಲಿ ಕಂಬಗಳು ಅಷ್ಟೊಂದು ಒತ್ತೊತ್ತಾಗಿ ನಿಂತಿರುವುದಕ್ಕೆ ಇದೇ ಕಾರಣ. ಮಧುಗಿರಿಯ ಏಕಶಿಲಾ ಬೆಟ್ಟದಂಥ ಗಟ್ಟಿ ಕಲ್ಲಿನಿಂದ ಸೀಳಿದ ಚಪ್ಪಡಿಯಾದರೂ ಉದ್ದವಾಗಿ ಹಾಸಿದರೆ ತನ್ನ ಭಾರಕ್ಕೇ ಕೆಳಗಿನಿಂದ ಬಿರಿಯತೊಡಗುತ್ತದೆ.

ಕಾಂಕ್ರೀಟಿನ ಎಳೆತದ ಭಾಗದಲ್ಲಿ ಉಕ್ಕಿನ ಕಂಬಿಗಳನ್ನು ಹೂಳುವುದೇ ಇದಕ್ಕೆ ಮನುಷ್ಯನು ಕಂಡುಕೊಂಡ ಉಪಾಯ. ಒತ್ತನ್ನು ಕಾಂಕ್ರೀಟು ತಡೆಯುತ್ತದೆ, ಎಳೆತವನ್ನು ಉಕ್ಕು ತಡೆಯುತ್ತದೆ. ಈ ಜೊತೆಯು ಬಾಳುವುದಕ್ಕೆ ಪ್ರಕೃತಿಯ ಒಂದು ಅನುಕೂಲವೂ ಕಾರಣ. ಒಂದು ಡಿಗ್ರಿ ಬಿಸಿಯೇರಿದಾಗ ಉಕ್ಕು ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಕಾಂಕ್ರೀಟೂ ಸುಮಾರು 10ರಿಂದ 12 ಪಾಲು ಹಿಗ್ಗುತ್ತದೆ. ಇವೆರಡರ ಹಿಗ್ಗುವಿಕೆಯಲ್ಲಿ ಹೆಚ್ಚಿನ ಅಂತರವಿದ್ದಿದ್ದರೆ ಪಾವಗಡದ ಒಂದು ಬೇಸಿಗೆಗೇ ಕಂಬಿ ಕಾಂಕ್ರೀಟನ್ನು ಬಿಟ್ಟು ಸಡಿಲವಾಗುತ್ತಿತ್ತು.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು: ಎಳೆತವು ಎಲ್ಲಿಯೋ ಕಂಬಿಯೂ ಅಲ್ಲಿಯೇ ಇರಬೇಕು. ತೊಲೆಯ ನಡುವೆ ಅದು ಕೆಳಭಾಗದಲ್ಲಿ; ಗೋಡೆಯಿಂದ ಹೊರಚಾಚಿದ ಸಜ್ಜದಲ್ಲಿ ಮೇಲ್ಭಾಗದಲ್ಲಿ. ಕಾಂಕ್ರೀಟು ಹಾಕುವಾಗ ಕೆಲಸದವರ ಕಾಲ್ತುಳಿತದಿಂದ ಸಜ್ಜದ ಕಂಬಿ ಕೆಳಕ್ಕೆ ಇಳಿದುಹೋದರೆ, ಆಧಾರದ ಗಳುಗಳನ್ನು ತೆಗೆದ ದಿನವೇ ಸಜ್ಜ ಬೀಳಬಹುದು. ಎರಡನೆಯದು: ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಆದುದರಿಂದ ಕಡಮೆಯೆಂದರೆ 7 ದಿನ, ಒಣಗಾಳಿ ಬೀಸುವ ಈ ಸೀಮೆಯಲ್ಲಿ 10 ದಿನವಾದರೂ ಅದನ್ನು ಒದ್ದೆಯಾಗಿ ಇಡಬೇಕು. ಮೂರನೆಯದು: ಕೆಳಗೆ ಮಳಿಗೆಗಳಿಗಾಗಿ ಗೋಡೆಗಳನ್ನೆಲ್ಲ ಬಿಟ್ಟು ಬರಿಯ ಕಂಬಗಳ ಮೇಲೆ ಮನೆಯನ್ನು ನಿಲ್ಲಿಸಿದರೆ ಕೆಳ ಅಂತಸ್ತು ಮೇಲಿನದಕ್ಕಿಂತ ಸಡಿಲವಾಗುತ್ತದೆ. 2001ರ ಭುಜ್ ಭೂಕಂಪದಲ್ಲಿ, ದೂರದ ಅಹಮದಾಬಾದಿನಲ್ಲಿಯೂ ಕೆಡೆದ ಕಟ್ಟಡಗಳಲ್ಲಿ ಅನೇಕವು ಇಂಥವು. ಕಂಬಗಳ ಅಳತೆಯನ್ನು ಬಲ್ಲ ಇಂಜಿನಿಯರಿಂದಲೇ ಲೆಕ್ಕ ಮಾಡಿಸಬೇಕು. ನೆರೆಮನೆಯ ಕಂಬವನ್ನು ನೋಡಿ ಅಳತೆ ಹಿಡಿಯಬಾರದು.

ಕೆಳಗೆ ಗಿರಣಿ, ಮೇಲೆ ಮನೆ

ಮಳಿಗೆಯೂ ಮನೆಯೂ ಒಂದೇ ಕಟ್ಟಡದಲ್ಲಿ ಇರುವಾಗ ಇನ್ನೆರಡು ವಿಷಯಗಳನ್ನು ಗಮನಿಸಬೇಕು. ಒಂದು ಶಬ್ದ. ಗಾಳಿಯ ಮೂಲಕ ಬರುವ ಶಬ್ದವನ್ನು ತಡೆಯುವ ಶಕ್ತಿಯು ಗೋಡೆಯ ತೂಕವನ್ನು ಅವಲಂಬಿಸಿದೆ. ತೂಕವು ಇಮ್ಮಡಿಯಾದರೆ ಶಬ್ದವು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೆ ಹಿಟ್ಟಿನ ಗಿರಣಿಯ ಅದಿರಾಟವು ಗಾಳಿಯನ್ನು ಹಿಡಿದು ಬರುವುದಿಲ್ಲ. ನೆಲದಿಂದ ಕಂಬಕ್ಕೆ, ಕಂಬದಿಂದ ಮೇಲಿನ ನೆಲಕ್ಕೆ ಏರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಕಾಂಕ್ರೀಟಿನಲ್ಲಿ ಅದರ ಹತ್ತರಷ್ಟು, ಮತ್ತು ಅಲ್ಲಿ ಅದು ಬಹಳ ದೂರದವರೆಗೆ ಕುಗ್ಗದೆ ಹೋಗುತ್ತದೆ. ಯಂತ್ರಕ್ಕೆ ಕಂಬಗಳನ್ನು ಮುಟ್ಟದ ಪ್ರತ್ಯೇಕ ಕಟ್ಟೆಯನ್ನು ಕಟ್ಟಿ, ಅಡಿಯಲ್ಲಿ ರಬ್ಬರಿನ ಮೆತ್ತೆ ಹಾಕಿದರೆ ಮೇಲಿನವರು ನಿದ್ದೆ ಮಾಡಬಹುದು.

ಎರಡನೆಯದು ಬೆಂಕಿ. ಬಿಸಿ ಗಾಳಿಯು ಹಗುರವಾಗಿ ಮೇಲೇರುತ್ತದೆ. ಮಳಿಗೆಯ ಒಳಗಿನಿಂದಲೇ ಮನೆಗೆ ಮೆಟ್ಟಿಲಿದ್ದರೆ, ಬೆಂಕಿ ಬಿದ್ದಾಗ ಆ ಮೆಟ್ಟಿಲೇ ಹೊಗೆಗೂಡು ಆಗುತ್ತದೆ. ತಪ್ಪಿಸಿಕೊಳ್ಳುವ ದಾರಿಯೇ ಹೊಗೆಯ ದಾರಿಯಾಗುತ್ತದೆ. ಮನೆಯ ಮೆಟ್ಟಿಲು ಮಳಿಗೆಯಿಂದ ಬೇರೆಯಾಗಿ ಬಯಲಿಗೆ ತೆರೆದಿರಬೇಕು.

ಹಳೆಯದರಿಂದ ಹೊಸದಕ್ಕೆ

ಹೊಸ ಕಟ್ಟಡವು ಅನಿವಾರ್ಯವಾದರೆ ಅಜ್ಜಿಯ ತಂಪನ್ನು ಸಂಪೂರ್ಣವಾಗಿ ಕಳೆದುಕೊಳ್ಳಬೇಕೇ? ಹಾಗೇನೂ ಇಲ್ಲ. ಹಳೆಯ ಮನೆಯು ಯಾವ ನಿಯಮದಿಂದ ತಂಪಾಗಿತ್ತೋ ಆ ನಿಯಮವನ್ನೇ ಹೊಸದಕ್ಕೂ ಅನ್ವಯಿಸಬೇಕು.

12 ಸೆಂಟಿಮೀಟರಿನ ಕಾಂಕ್ರೀಟಿನ ಮೇಲೆ 10 ಸೆಂಟಿಮೀಟರ್ ಮಣ್ಣು ಹಾಸಿ, ಅದರ ಮೇಲೆ ನೀರು ಇಳಿಯದಂತೆ ಬಿಲ್ಲೆಗಳನ್ನು ಕೂಡಿಸಿದರೆ, ಒಳಕ್ಕೆ ಇಳಿಯುವ ಏರಿಳಿತವು ನೂರಕ್ಕೆ 44ರಿಂದ ಸುಮಾರು 16ಕ್ಕೆ ಇಳಿಯುತ್ತದೆ. 9 ಡಿಗ್ರಿಗೆ ಬದಲು 3 ಡಿಗ್ರಿ ಚಿಲ್ಲರೆ. ಬಿಸಿ ತಲಪುವ ವೇಳೆಯೂ ಸಂಜೆ 4ರಿಂದ ರಾತ್ರಿ 8ರ ಸುಮಾರಿಗೆ ಸರಿಯುತ್ತದೆ. ಆದರೆ ಚದರ ಮೀಟರಿಗೆ 160 ಕಿಲೋಗ್ರಾಮಿನಷ್ಟು ಈ ಹೆಚ್ಚಿನ ಭಾರವನ್ನು ಮೊದಲೇ ಇಂಜಿನಿಯರಿಗೆ ತಿಳಿಸಿರಬೇಕು. ಇನ್ನೊಂದು ಮಾತು: ಈ ಮಣ್ಣು ಚೌಳಾಗಿರಕೂಡದು. ಮರದ ಜಂತೆಯನ್ನು ಕಾಯುತ್ತಿದ್ದ ಆ ಲವಣಗಳೇ ಕಾಂಕ್ರೀಟಿನೊಳಗೆ ಇಳಿದರೆ ಕಂಬಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದ ಸೀಳುತ್ತದೆ. ಹಿರಿಯರ ಪಾಠವನ್ನು ಅರ್ಥಮಾಡಿಕೊಂಡು ಅನುಸರಿಸಬೇಕು. ಕಣ್ಣು ಮುಚ್ಚಿ ಅನುಸರಿಸಿದರೆ ಅಪಾಯ.

ಅಷ್ಟು ಖರ್ಚು ಆಗದವರಿಗೆ ಸುಣ್ಣವಿದೆ. ಬರಿಯ ಸಿಮೆಂಟಿನ ಮೈ ಬಿಸಿಲಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೀರುತ್ತದೆ. ಹೊಸದಾಗಿ ಬಳಿದ ಬಿಳಿ ಸುಣ್ಣದ ಮೈ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಳಕ್ಕೆ ಬಂದ ಶಾಖವನ್ನು ತಡೆಯುವುದಕ್ಕಿಂತ ಬಾರದಂತೆ ಮಾಡುವುದು ಸುಲಭ. ತಾರಸಿಯ ಮೇಲೆ ಸೌರಫಲಕಗಳನ್ನು ಎತ್ತರಿಸಿ ನಿಲ್ಲಿಸಿದರೆ ನೆರಳೂ ವಿದ್ಯುತ್ತೂ ಒಟ್ಟಿಗೆ ದೊರೆಯುತ್ತವೆ. ಒಂದು ಕಿಲೋವಾಟಿಗೆ ಸುಮಾರು 10 ಚದರ ಮೀಟರ್ ಜಾಗ ಸಾಕು. ಊರ ಹೊಲದಲ್ಲಿ ಸಾವಿರಾರು ಎಕರೆ ಫಲಕಗಳನ್ನು ಹಾಸಿರುವಾಗ, ಮನೆಯ ಮೇಲೆ ಕೆಲವನ್ನು ಇಡುವುದು ಹೊಸ ಸಂಗತಿಯೇನೂ ಅಲ್ಲ.

ಕೆಡವಿದ ಮಣ್ಣನ್ನು ಹಳ್ಳಕ್ಕೆ ಸುರಿಯುವುದೂ ನಷ್ಟವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರವಿದ್ಯೆಯ ಕೇಂದ್ರವು ಪ್ರಾರಂಭವಾಯಿತು. ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣ ಕೇಂದ್ರವಿತ್ತು. ಮಣ್ಣಿಗೆ ತಕ್ಕಷ್ಟು ಮರಳನ್ನೂ, ನೂರಕ್ಕೆ 5ರಿಂದ 8 ಪಾಲು ಸಿಮೆಂಟನ್ನೂ ಬೆರಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆಗಳನ್ನು ಮಾಡುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು ರೂಢಿಗೆ ತಂದರು. ಇಲ್ಲಿ ಕಣಗಳನ್ನು ಹಿಡಿದಿಡುವುದು ನೀರಿನ ಕೊರಳಲ್ಲ, ಸಿಮೆಂಟಿನ ಬಂಧ. ಆದ್ದರಿಂದ ಮಳೆಗೆ ಅದು ಕರಗುವುದಿಲ್ಲ. ಚೌಳಿನ ಮೇಲ್ಪದರವನ್ನು ಬೇರೆ ಮಾಡಿ, ಗೋಡೆಯ ಮಣ್ಣನ್ನು ಪರೀಕ್ಷಿಸಿ ಹೀಗೆ ಬಳಸಿಕೊಳ್ಳಬಹುದು. ಸಿಮೆಂಟಿನ ಉಳಿತಾಯವು ಸಣ್ಣ ಮಾತಲ್ಲ: 100 ಗ್ರಾಂ ಸುಣ್ಣದ ಕಲ್ಲನ್ನು ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ, ಸುಡುವ ಇಂಧನದ ಹೊಗೆ ಬೇರೆ. ಹಳೆಯ ಚಪ್ಪಡಿಗಳು ಹೊಸ ಮನೆಯ ಜಗಲಿಗೂ ಮೆಟ್ಟಿಲಿಗೂ ಒದಗುತ್ತವೆ.

ಮಾಡಿ ನೋಡುವ ಪರೀಕ್ಷೆ

ಇಷ್ಟನ್ನೂ ಓದುಗರು ನಮ್ಮ ಮಾತಿನ ಮೇಲೆಯೇ ನಂಬಬೇಕಾಗಿಲ್ಲ. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ತಂದು, ಒಂದನ್ನು ಮಾಳಿಗೆಯ ಮನೆಯಲ್ಲಿ, ಇನ್ನೊಂದನ್ನು ಕಾಂಕ್ರೀಟಿನ ಮನೆಯಲ್ಲಿ, ಸೂರಿನಿಂದ ಒಂದು ಗೇಣು ಕೆಳಗೆ ತೂಗುಹಾಕಿರಿ. ಒಲೆಯೂ ಕಿಟಕಿಯ ಬಿಸಿಲೂ ಹತ್ತಿರ ಇರಬಾರದು. ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಎರಡು ದಿನ ಅಂಕಿಗಳನ್ನು ಬರೆದುಕೊಳ್ಳಿರಿ. ಚೌಕಳಿಯ ಕಾಗದದ ಮೇಲೆ ಎರಡು ವಕ್ರರೇಖೆಗಳನ್ನು ಎಳೆದರೆ ಒಂದು ಬೆಟ್ಟದಂತೆಯೂ ಇನ್ನೊಂದು ದಿಣ್ಣೆಯಂತೆಯೂ ಕಾಣುತ್ತವೆ. ಎರಡರ ಶಿಖರಗಳೂ ಬೇರೆ ಬೇರೆ ಹೊತ್ತಿಗೆ ಬರುತ್ತವೆ. ಆ ಕಾಗದವನ್ನು ಮನೆಯ ಹಿರಿಯರ ಮುಂದೆ ಇಡಿರಿ. ಕಟ್ಟಡದ ನಕ್ಷೆಗಿಂತ ಮೊದಲು ನೋಡಬೇಕಾದ ನಕ್ಷೆ ಅದು.

ಆ ವಿದ್ಯಾರ್ಥಿಗೆ ನಾವು ಹೇಳಿದ ಉತ್ತರವೂ ಇಷ್ಟೇ. ಮಾಳಿಗೆಯು ತಂಪೆಂಬ ಅಜ್ಜಿಯ ಮಾತು ನಿಜ. ಅದು ಬೀಳಬಹುದೆಂಬ ತಾಯಿಯ ಭಯ ನಿಜ. ಹೊಲವಿಲ್ಲದ ಮನೆಗೆ ಬಾಡಿಗೆಯ ಆಧಾರ ಬೇಕೆಂಬ ತಂದೆಯ ಲೆಕ್ಕವೂ ನಿಜ. ಯೋಚಿಸಿ ನೋಡಿದರೆ, ಮುಂದೆ ದನ, ನಡುವೆ ಜನ, ಒಳಗೆ ಕಣಜ ಎಂದು ಒಂದೇ ಸೂರಿನ ಕೆಳಗೆ ದುಡಿಮೆಯನ್ನೂ ವಾಸವನ್ನೂ ಇರಿಸಿಕೊಂಡಿದ್ದ ಹಳೆಯ ಮನೆಯೂ ಅಂಥದೇ ಒಂದು ಕಟ್ಟಡವಾಗಿತ್ತು. ದನದ ಜಾಗಕ್ಕೆ ಈಗ ಮಳಿಗೆ ಬರುತ್ತಿದೆ. ಸೂರಿನ ಮೇಲೆ ಸುರಿಯುವ ಬಿಸಿಲು ಮಾತ್ರ ಹಿಂದಿನಷ್ಟೇ ಇದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಮನೆಯಲ್ಲಿ ಅಜ್ಜಿಯೂ ಸುಖವಾಗಿ ಇರಬಲ್ಲರು.